ಪಾರ್ವತಮ್ಮ ಒರಟನ ಕೈಗೆ ಸೌಟು ಕೊಟ್ಟದ್ದು

ಹೂಟಗಳ್ಳಿಯ ಕಾರ್ಖಾನೆ ಹುಡುಗರಿಗೆ ಮುದ್ದೆ ಮಾಡಿ ಹಾಕುವ ಪಾರ್ವತಮ್ಮ ನಮ್ಮ ಪಕ್ಕದ ಮನೆಯವರು. ಗಂಡ ತೀರಿಕೊಂಡ ಮೇಲೆ ಆ ಮೆಸ್ಸೇ ಅವರ ಜೀವನ. ಮಾತು ಕಮ್ಮಿ, ಪಟ್ಟು ಜಾಸ್ತಿ. ಹಿಡಿದರೆ ಉಡ.

ಹೋದ ವರ್ಷ ಸಿದ್ದೇಶ ಎಂಬ ಹುಡುಗ ಊಟಕ್ಕೆ ಸೇರಿದ. ಹತ್ತೊಂಬತ್ತರ ಪ್ರಾಯ, ಮೂಗುದಾರ ಕಾಣದ ಹೋರಿ. ಪಕ್ಕದವನ ತಟ್ಟೆಗೆ ಕೈ ಹಾಕುವನು, ಕೇಳಿದರೆ ಕಣ್ಣು ಮಿಟುಕಿಸದೆ ಸುಳ್ಳು ಹೇಳುವನು, ನೊಂದವರನ್ನು ಕಂಡರೆ ನಗುವನು. ಬೇರೆ ಮೆಸ್ಸುಗಳವರು ಆಗಲೇ ಹೊರಗೆ ಹಾಕಿದ್ದರು. ಒಂದು ದಿನ ಯೋಗೇಂದ್ರ ಎಂಬ ಹುಡುಗನೊಡನೆ ಜಗಳ ತೆಗೆದು ಅವನ ಮೇಲೆ ಬಿಸಿ ಸಾರು ಎರಚಿಬಿಟ್ಟ. ತೋಳೆಲ್ಲ ಬೊಬ್ಬೆ. ಸಿದ್ದೇಶನ ಮುಖ ಮಾತ್ರ ತೊಳೆದ ಕಲ್ಲು.

ಪಾರ್ವತಮ್ಮ ಯೋಗೇಂದ್ರನಿಗೆ ಔಷಧಿ ಮಾಡಿಸಿಕೊಂಡು ಬರುವಷ್ಟರಲ್ಲಿ ಹುಡುಗರೆಲ್ಲ ಬಾಗಿಲಲ್ಲಿ ನಿಂತಿದ್ದರು.

“ಅವನಿರಬೇಕು, ಇಲ್ಲ ನಾವಿರಬೇಕು, ಆಂಟಿ.”

ಹುಡುಗರು ಹೋದರೆ ಒಲೆ ಆರುತ್ತದೆ. ನಾನೂ ಹೇಳಿದೆ, “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನಮ್ಮ? ಕಳಿಸ್ಬುಡಿ.”

“ಬಗ್ಗಿಸೋದ್ಯಾಕೆ ಅಣ್ಣಯ್ಯ? ನೆಟ್ಟಗಿರೋ ಮರ ತೊಲೆಗೆ ಬರ್ತದೆ,” ಎಂದರು. ಇಂಥ ಮಾತು ನನ್ನ ಬಾಯಲ್ಲಿ ಹುಟ್ಟಬೇಕಿತ್ತು. ಹುಡುಗರ ಕಡೆ ತಿರುಗಿ, “ಒಂದು ತಿಂಗಳು ತಡೀರಪ್ಪ. ಆಮೇಲೆ ನೀವು ಹೇಳಿದ ಹಾಗೆ,” ಎಂದರು.

ಮಾರನೆಯ ದಿನ ಸಿದ್ದೇಶನ ಕೈಗೆ ಸೌಟು ಕೊಟ್ಟರು. ಪಾರ್ವತಮ್ಮನ ತವರಿನವರು ಮಠದ ದಾಸೋಹದಲ್ಲಿ ಬಡಿಸುತ್ತಿದ್ದವರು. ಅಲ್ಲಿಯ ಕಟ್ಟಳೆಯೇ ಇಲ್ಲಿಯೂ: ಬಡಿಸಿದವನು ಕೊನೆಗೆ ಉಣ್ಣಬೇಕು, ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೊದಲ ದಿನ ಅವನು ಎಲ್ಲರಿಗೂ ತೆಳುವಾಗಿ ಬಡಿಸಿ, ತಳದ ಗಟ್ಟಿಯನ್ನು ತನಗೆ ಉಳಿಸಿಕೊಂಡ. ಪಾರ್ವತಮ್ಮ ಬೈಯಲಿಲ್ಲ. ಪಾತ್ರೆಯೊಳಗೆ ಬಗ್ಗಿ ನೋಡಿ, “ಇನ್ನೂ ಇದೆಯಲ್ಲೋ. ಇನ್ನೊಂದು ಸುತ್ತು ಹೋಗು,” ಎಂದರು. ಹುಡುಗರು ಬೇಕೆಂದೇ ಹಾಕಿಸಿಕೊಂಡರು. ಅವನಿಗೆ ಸಿಕ್ಕಿದ್ದು ಪಾತ್ರೆ ಸವರಿದಷ್ಟು. ಪಾರ್ವತಮ್ಮನೂ ಅವನೆದುರು ಕೂತು ಅಷ್ಟನ್ನೇ ಉಂಡರು.

ಬರಬರುತ್ತ ಅವನ ಅಳತೆ ಸರಿಹೋಯಿತು. ಸ್ವಭಾವ ಹೋಯಿತು ಎನ್ನಲಾರೆ. ನಗುವಿಲ್ಲ, ನಯವಿಲ್ಲ. ನಡುವೆ ಯಾರದೋ ಬೈಕಿನ ಕನ್ನಡಿ ಒಡೆದು ಬಂದ. ಪಾರ್ವತಮ್ಮ ಅವನನ್ನು ಕರೆದುಕೊಂಡು ಹೋಗಿ ಅವನ ಕೈಯಿಂದಲೇ ಹೊಸದು ಹಾಕಿಸಿದರು. ಆದರೆ ಊಟದ ಸಾಲಿನಲ್ಲಿ ಅವನ ಮುಂದೆ ಯಾರ ಆಟವೂ ನಡೆಯುತ್ತಿರಲಿಲ್ಲ. ಹಿರಿಯ ಫಿಟ್ಟರ್ ಒಬ್ಬ ಇನ್ನೊಂದು ಮುದ್ದೆಗೆ ತಟ್ಟೆ ಮುಂದೆ ಚಾಚಿದರೆ, “ಸಾಲು ಮುಗೀಲಿ, ಕೂತ್ಕೊಳಣ್ಣ,” ಎನ್ನುವನು. ಅದೇ ಒರಟುತನ, ಈಗ ಅದಕ್ಕೊಂದು ಕೆಲಸ ಸಿಕ್ಕಿತ್ತು.

ಗಡುವು ಮುಗಿದ ಸಂಜೆ ಹುಡುಗರು ಉಂಡು, ಕೈ ತೊಳೆದು, ತೀರ್ಮಾನ ಹೇಳಲು ಕೂತಿದ್ದರು. ಯೋಗೇಂದ್ರ ಡ್ಯೂಟಿ ಮುಗಿಸಿ ತಡವಾಗಿ ಬಂದ. ಉಳಿದದ್ದು ಒಂದೇ ಮುದ್ದೆ. ಬಡಿಸಿದವನ ಊಟ ಇನ್ನೂ ಆಗಿರಲಿಲ್ಲ. ಸಿದ್ದೇಶ ಮುದ್ದೆ ನೋಡಿದ, ಯೋಗೇಂದ್ರನ ತೋಳಿನ ಕಲೆ ನೋಡಿದ. ಮುದ್ದೆಯನ್ನು ಎರಡು ಮಾಡಿ ಒಂದನ್ನು ಅವನ ತಟ್ಟೆಗಿಟ್ಟ.

“ಏನೋ, ಅವತ್ತಿಂದು ಚುಕ್ತಾನಾ?” ಯೋಗೇಂದ್ರ ಕೆಣಕಿದ.

“ಅದು ಬೇರೆ ಕಣೋ. ಅದು ಇನ್ನೂ ನನ್ನ ತಲೆ ಮೇಲೇ ಇದೆ. ಇದು ನಿನ್ನ ಪಾಲು.”

ಯೋಗೇಂದ್ರ ತಟ್ಟೆ ಮುಂದೆ ತಳ್ಳಿದ. “ಸಾರು ಹಾಕು. ತಟ್ಟೆಗೆ ಹಾಕು, ಮೈಗಲ್ಲ.”

ಹುಡುಗರು ನಕ್ಕರು. ಯಾರಿರಬೇಕು, ಯಾರು ಹೋಗಬೇಕು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಪಾರ್ವತಮ್ಮ ಒಳಗೆ ಹೋಗಿ ಮತ್ತೆ ಎಸರಿಟ್ಟರು. ಅವರದೂ ಇನ್ನೂ ಊಟವಾಗಿರಲಿಲ್ಲ.