ಗಂಧದ ಸಾಬೂನಿನ ಕಮಾನು

...ಅಥವಾ ಅದನ್ನು ನನಗೆ ಕಲಿಸಿದ್ದು ಅಮ್ಮನೇ ಇರಬಹುದು. ಸವೆದು ಎಲೆಯಷ್ಟು ತೆಳ್ಳಗಾದ ಹಳೆಯ ಸಾಬೂನನ್ನು ಎಸೆಯದೆ, ಒದ್ದೆ ಮಾಡಿ, ಹೊಸ ಸಾಬೂನಿನ ಬೆನ್ನಿಗೆ ಒತ್ತಿ ಅಂಟಿಸುವ ವಿದ್ಯೆಯನ್ನು ಹೇಳುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಮಾಡುತ್ತಾರೆ, ಇಲ್ಲ ಎನ್ನಬೇಡಿ. ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಅದನ್ನೇ ಮಾಡುತ್ತ ನಿಂತಿದ್ದೆ. ಗಂಧದ ವಾಸನೆ ಎದ್ದಿತು. ಅದರ ಜೊತೆಗೆ ಒಂದು ಪ್ರಶ್ನೆಯೂ ಎದ್ದಿತು: ಇದನ್ನು ನಾನು ಕಲಿತದ್ದು ಬೆಂಗಳೂರಿನಲ್ಲಿ ಅಮ್ಮನಿಂದಲೋ, ಪೆನಾಂಗಿನಲ್ಲಿ ವಿಜಯಾ ಮಾಮಿಯಿಂದಲೋ?

ಇದೂ ಒಂದು ಪ್ರಶ್ನೆಯೇ ಎನ್ನುತ್ತೀರಿ. ನನಗೂ ಹಾಗೇ ಅನಿಸಿತು, ಟವಲ್ ಸುತ್ತಿಕೊಂಡು ಹೊರಗೆ ಬರುವವರೆಗೆ. ಆಮೇಲೆ ಕಾಫಿ ಆರಿತು. ಮಾಮಿಯಿಂದ ಕಲಿತದ್ದಾದರೆ, ಸಾಬೂನಿಗೆ ಸಾಬೂನು ಅಂಟುತ್ತದೆ ಎಂದು ಮಾಮಿಗೆ ಗೊತ್ತಿತ್ತು ಎಂದಾಯಿತು. ಗೊತ್ತಿತ್ತು ಎಂದಾದರೆ ಆ ಮಧ್ಯಾಹ್ನದ ಅರ್ಥವೇ ಬೇರೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ ಎಂದು ವಾದಿಸಬಹುದು. ನನ್ನ ಗಂಡನಿಗೆ ಗೊತ್ತಿಲ್ಲ. ಅವನು ಎಸೆಯುತ್ತಾನೆ.

ಮೊದಲಿನಿಂದ ಹೇಳುತ್ತೇನೆ. ಅದು ನಿಜಕ್ಕೂ ಮೊದಲೋ ಎಂಬ ಖಾತ್ರಿ ಮಾತ್ರ ಇಲ್ಲ.

ಆಗ ನಾವು ಪೆನಾಂಗಿನ ಬಯಾನ್ ಲೆಪಾಸಿನಲ್ಲಿ ಕಾಂಡೋ ಒಂದರಲ್ಲಿದ್ದೆವು. ಎದುರು ಮನೆಯವರು ಕಾಮತ್ ಮಾಮ ಮತ್ತು ವಿಜಯಾ ಮಾಮಿ. ಮಾಮ ಮಣಿಪಾಲದಲ್ಲಿ ಬಹುಕಾಲ ಅನಾಟಮಿ ಕಲಿಸಿ, ಆಮೇಲೆ ಇಲ್ಲಿನ ಒಂದು ಮೆಡಿಕಲ್ ಕಾಲೇಜಿಗೆ ಬಂದವರು. ಎರಡು ಮನೆಗಳ ಗ್ರಿಲ್ ಗೇಟುಗಳ ನಡುವೆ ಒಂದು ಸಣ್ಣ ಕಾರಿಡಾರು. ಗಂಡ ಹೆಂಡತಿ ತಮ್ಮೊಳಗೆ ಕೊಂಕಣಿ ಮಾತಾಡುತ್ತಿದ್ದರು, ನಾನು ಗ್ರಿಲ್ ಹತ್ತಿರ ಬಂದ ತಕ್ಷಣ ಕನ್ನಡಕ್ಕೆ ಹೊರಳುತ್ತಿದ್ದರು. ಹಾಗಾಗಿ ಅವರ ಜಗಳಗಳ ಮೊದಲರ್ಧ ನನಗೆ ಯಾವತ್ತೂ ಸಿಕ್ಕಿಲ್ಲ. ಇಲ್ಲಿ ಅವರು ಪರಸ್ಪರ ಆಡಿದ್ದೆಂದು ಬರೆಯುವ ಕೆಲವು ಮಾತುಗಳು ಅರ್ಧ ಕೇಳಿದ್ದು, ಅರ್ಧ ನಾನೇ ತುಂಬಿದ್ದು. ಯಾವ ಅರ್ಧ ಯಾವುದು ಎಂದು ಕೇಳಬೇಡಿ.

ಕೋವಿಡ್ ಬಂತು, ಎಂಸಿಓ ಎಂಬ ಇಲ್ಲಿಯ ಲಾಕ್‌ಡೌನ್ ಬಂತು, ಬಾಗಿಲು ಹಾಕಿತು. ನನ್ನ ಗಂಡನ ಚಿಪ್ ಕಾರ್ಖಾನೆ ಅಗತ್ಯ ಸೇವೆಯ ಪಟ್ಟಿಗೆ ಸೇರಿ ಅವನು ಕೆಲಸಕ್ಕೆ ಹೋಗುತ್ತಿದ್ದ. ಉಳಿದವರೆಲ್ಲ ಒಂದೊಂದು ಹುಚ್ಚು ಹಿಡಿಸಿಕೊಂಡರು. ಮಾಂಟ್ ಕಿಯಾರಾದ ಗೆಳತಿಯೊಬ್ಬಳು ಬ್ರೆಡ್ಡಿನ ಹುಳಿ ಹಿಟ್ಟಿಗೆ ಹೆಸರಿಟ್ಟು ಸಾಕಿದಳು. ನಾನು ಒಂದು ಕಾದಂಬರಿಯ ಮೊದಲ ಅಧ್ಯಾಯವನ್ನು ಮತ್ತೆ ಮತ್ತೆ ಬರೆದೆ. ಎರಡನೆಯದು ಇವತ್ತಿಗೂ ಹುಟ್ಟಿಲ್ಲ. ಕಾಮತ್ ಮಾಮನಿಗೆ ಹಿಡಿದದ್ದು ಇಗರ್ಜಿ.

ಇಗರ್ಜಿ ಎಂದರೆ ಉಡುಪಿಯ ಕಡೆ ಚರ್ಚು. ಮಾಮ ಹೇಳುತ್ತಿದ್ದದ್ದು ಯುರೋಪಿನ ಗಾಥಿಕ್ ಕೆಥೀಡ್ರಲ್‌ಗಳನ್ನು. ಅವರು ಎಂದೋ ಸಮ್ಮೇಳನಕ್ಕೆಂದು ಹೋಗಿ, ಸಮ್ಮೇಳನ ತಪ್ಪಿಸಿ, ಶಾರ್ತ್ರ್, ಅಮಿಯಾಂ, ಬೋವೆ, ಕಲೋನ್ ಎಂದು ಒಬ್ಬರೇ ಅಲೆದು ಬಂದಿದ್ದರು. ಆ ವರ್ಷದ ಬೇಸಿಗೆಗೆ ಇಬ್ಬರೂ ಹೋಗುವುದೆಂದು ಟಿಕೆಟ್ ಆಗಿತ್ತು. ಅದು ರದ್ದಾಯಿತು. ಹೋಗಲಾಗದ್ದನ್ನು ಮಾಮ ಗ್ರಿಲ್ಲಿನ ಆಚೆ ನಿಂತು ನನಗೆ ಪಾಠ ಮಾಡತೊಡಗಿದರು.

"ಹಳೇ ಇಗರ್ಜಿ ಆನೆ ಇದ್ದ ಹಾಗೆ," ಎನ್ನುತ್ತಿದ್ದರು. "ದಪ್ಪ ಚರ್ಮ, ದಪ್ಪ ಕಾಲು. ಗೋಡೆಯೇ ಭಾರ ಹೊರುವುದು, ಹಾಗಾಗಿ ಕಿಟಕಿ ಇಷ್ಟೇ. ಗಾಥಿಕ್ ಹಾಗಲ್ಲ. ಅದು ಏಡಿ. ಎಲುಬು ಹೊರಗೆ."

ಚಾವಣಿಯ ಕೆಳಗೆ ಕಲ್ಲಿನ ಪಕ್ಕೆಲುಬುಗಳು. ಅವು ಭಾರವನ್ನೆಲ್ಲ ಒಟ್ಟು ಮಾಡಿ ಕೆಲವೇ ಕಂಬಗಳಿಗೆ ಇಳಿಸುತ್ತವೆ. ಕಂಬ ಹೊರಕ್ಕೆ ವಾಲದಂತೆ ಆಚೆಯಿಂದ ಅರ್ಧ ಕಮಾನುಗಳು ಗಾಳಿಯಲ್ಲಿ ಕೈ ಚಾಚಿ ತಳ್ಳಿ ಹಿಡಿಯುತ್ತವೆ. ಗೋಡೆಗೆ ಇನ್ನೇನೂ ಕೆಲಸವಿಲ್ಲ, ಅದನ್ನು ಪೂರ್ತಿ ಬಣ್ಣದ ಗಾಜು ಮಾಡಬಹುದು. ಅವರು ಹೇಳಿದ್ದು ಇಷ್ಟು. ನಾನು ಕೇಳುತ್ತ ಕಾರಿಡಾರಿನಲ್ಲಿ ಆ ಕಡೆ ಈ ಕಡೆ ನಡೆಯುತ್ತಿದ್ದೆ. ನಿಂತು ಕೇಳುವ ತಾಳ್ಮೆ ಆಗ ಯಾರಿಗಿತ್ತು?

ಒಳಗಿನಿಂದ ಮಾಮಿಯ ದನಿ ಬರುತ್ತಿತ್ತು. "ಆ ಹುಡುಗಿಯನ್ನು ಬಿಡಿ ಮಾರಾಯ್ರೆ. ಒಲೆ ಮೇಲೆ ಏನಾದ್ರೂ ಇಟ್ಟು ಬಂದಿರ್ತಾಳೆ."

ಇಟ್ಟೇ ಬಂದಿರುತ್ತಿದ್ದೆ.

ಈಗ ಸಾಬೂನು. ಊರಿಗೆ ಹೋಗಿ ಬರುವಾಗ ನಾವೆಲ್ಲ ಸೂಟ್‌ಕೇಸಿನ ಸಂದಿಯಲ್ಲಿ ಗಂಧದ ಸಾಬೂನು ತುಂಬಿಕೊಂಡು ಬರುವುದು ನಿಮಗೆ ಗೊತ್ತೇ ಇದೆ. ಗಂಡಂದಿರ ಸಹೋದ್ಯೋಗಿಗಳಿಗೆ, ಕೆಳಗಿನ ಮನೆಯ ತಮಿಳು ಅಜ್ಜಿಗೆ, ಯಾರಿಗಾದರೂ ಇರಲಿ ಎಂದು. ಮಾಮಿ ಹಾಗೆ ತಂದ ಒಂದು ರಾಶಿ ಅಟ್ಟದ ಕಪಾಟಿನಲ್ಲಿತ್ತು. ಕೊಡೋಣವೆಂದರೆ ಯಾರ ಮನೆಗೂ ಹೋಗುವಂತಿಲ್ಲ. ಒಂದು ದಿನ ಗ್ರಿಲ್ಲಿನಿಂದ ನೋಡಿದರೆ ಮಾಮ ಊಟದ ಮೇಜಿನ ಮೇಲೆ ಅವನ್ನು ಹಳೆಯ ಸ್ಕಾಲ್ಪೆಲ್ಲಿನಿಂದ ಕಮಾನಿನ ಕಲ್ಲುಗಳಂತೆ ಓರೆಯಾಗಿ ಕೊರೆಯುತ್ತ ಕೂತಿದ್ದಾರೆ. ಪಾರ್ಸೆಲ್ ಬಂದ ರಟ್ಟು, ಸಾತೆ ಕಬಾಬಿನ ಬಿದಿರು ಕಡ್ಡಿಗಳಿಂದ ಕೆಳಗೊಂದು ಆಸರೆ. ಅದರ ಮೇಲೆ ಸಾಬೂನಿನ ಪಕ್ಕೆಲುಬುಗಳು. ಗೋಂದು ಇಲ್ಲ. ಅದೇ ಶರತ್ತು. ಆಸರೆ ತೆಗೆದ ಮೇಲೆ ತುಂಡುಗಳು ಒಂದನ್ನೊಂದು ಒತ್ತಿಕೊಂಡು ತಾವಾಗಿಯೇ ನಿಲ್ಲಬೇಕು.

"ಅಂದರೆ ಸೆಂಟ್ರಿಂಗ್," ಎಂದೆ. ಅಪ್ಪ ಮನೆ ಕಟ್ಟಿಸಿದಾಗಿನ ನನ್ನ ಏಕೈಕ ವಾಸ್ತುಶಿಲ್ಪ ಜ್ಞಾನ ಅದು.

"ಅದೇ. ಸೆಂಟ್ರಿಂಗ್ ಬಿಚ್ಚುವ ದಿನ ಗೊತ್ತಾಗುವುದು."

ನನ್ನ ಮಗಳು ಹಿಂದಿನಿಂದ ಇಣುಕಿ, "ಅಮ್ಮಾ, ಇಟ್ಸ್ ಜಸ್ಟ್ ಸೋಪ್ ಲಾ," ಎಂದು ಹೋದಳು.

ಪೆನಾಂಗಿನ ಹವೆಯಲ್ಲಿ ಸಾಬೂನು ಬೆವರುತ್ತದೆ. ಹಾಗಾಗಿ ಆ ಕೋಣೆಯಲ್ಲಿ ಏಸಿ ಆರಿಸಬಾರದು ಎಂದು ಮಾಮ ಕಟ್ಟಪ್ಪಣೆ ಮಾಡಿದ್ದರು. ಮಾಮಿಯೋ, ಕೋಣೆಯಿಂದ ಎದ್ದರೆ ಫ್ಯಾನು, ದೀಪ, ಮನಸ್ಸಿಗೆ ಬಂದರೆ ಗಂಡನ ಟೀವಿಯನ್ನೂ ಆರಿಸಿ ಹೋಗುವವರು. ಇದನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಂಡಿದ್ದೇನೆ, ಆದರೆ ನನ್ನ ನೆನಪನ್ನು ನಂಬುವ ಹಾಗಿಲ್ಲ.

ಅಷ್ಟರಲ್ಲಿ ಉಡುಪಿಯಿಂದ ಸುದ್ದಿ ಬಂತು. ಮಾಮಿಯ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ತಾಯಿ ಇಲ್ಲದ ಮಾಮಿಯ ತಲೆ ಬಾಚಿ, ಶಾಲೆಗೆ ಕಳಿಸಿ, ಮದುವೆ ಮಾಡಿಸಿದ ಅಕ್ಕ. ಮಗ ಸೊಸೆ ನೋಡಿಕೊಳ್ಳುತ್ತಿದ್ದರು, ಆದರೂ ಫೋನು ಮಾಡಿದಾಗೆಲ್ಲ ಅಕ್ಕ ಕೇಳುತ್ತಿದ್ದದ್ದು ಒಂದೇ: ನೀನು ಯಾವಾಗ ಬರುತ್ತಿ? ಸಿಕ್ಕಿಬಿದ್ದವರನ್ನು ಊರಿಗೆ ಒಯ್ಯುವ ವಿಶೇಷ ವಿಮಾನದಲ್ಲಿ ಎರಡು ಸೀಟು ಸಿಗುವಂತಾಯಿತು. ಹೋದರೆ ಮರಳಲು ಇಲ್ಲಿಯ ಸರಕಾರ ಬಿಡುತ್ತದೋ ಇಲ್ಲವೋ ಹೇಳುವವರಿರಲಿಲ್ಲ. ಮಾಮನ ಕೆಲಸ ಹೋದ ಹಾಗೆಯೇ. ಅವರಿಗೆ ಹೋಗಲು ಮನಸ್ಸಿಲ್ಲ. ಒಬ್ಬಳೇ ಹೋಗೆಂದರೆ ಮಾಮಿ ಒಪ್ಪಲಿಲ್ಲ. ಮಾಮನಿಗೆ ಸಕ್ಕರೆ ಕಾಯಿಲೆ, ಬಿಪಿ, ಅನ್ನ ಬೇಯಿಸಲು ಬರುವುದಿಲ್ಲ.

ಆ ವಾರ ಎದುರು ಮನೆಯಲ್ಲಿ ಕೊಂಕಣಿ ಬಿಟ್ಟು ಬೇರೇನೂ ಕೇಳಲಿಲ್ಲ. ಆಮೇಲೆ ಅದೂ ನಿಂತಿತು. ನಾನು ಗ್ರಿಲ್ ಹತ್ತಿರ ಹೋಗಿ, ಏನೂ ಕಾರಣವಿಲ್ಲದೆ ಬಾಗಿಲ ಬಳಿಯ ಚಪ್ಪಲಿಗಳನ್ನು ಜೋಡಿಸಿ ಬರುತ್ತಿದ್ದೆ.

ಪಂಥ ಹೂಡಿದ್ದು ಮಾಮ. ಆಗ ನಿರ್ಬಂಧ ಸಡಿಲಾಗಿ ಒಬ್ಬರ ಮನೆಗೊಬ್ಬರು ಹೋಗಬಹುದಾಗಿತ್ತು. ನಾನು ಮಾಮಕ್ ಹೋಟೆಲಿನಿಂದ ಪರೋಟದಂಥ ರೋಟಿ ಚನಾಯ್ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಅವರ ಮನೆಗೆ ಹೋಗಿದ್ದೆ. ಮೂವರೂ ಮೇಜಿನ ತುದಿಯಲ್ಲಿ, ಇಗರ್ಜಿಗೆ ತಾಗದ ಹಾಗೆ ಮೊಣಕೈ ಮಡಚಿ, ತಿನ್ನುತ್ತಿದ್ದೆವು. ಟೀವಿಯಲ್ಲಿ ಪ್ಯಾರಿಸಿನ ನೋತ್ರ್ ದಾಮ್ ಬಂತು. ಹಿಂದಿನ ವರ್ಷದ ಬೆಂಕಿಯಲ್ಲಿ ಅದರ ಸುತ್ತಲಿನ ಸ್ಕ್ಯಾಫೋಲ್ಡಿಂಗ್ ಕೊಳವೆಗಳು ಕರಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು. ಈಗ ಕೆಲಸಗಾರರು ಹಗ್ಗದಲ್ಲಿ ನೇತಾಡುತ್ತ ಅವನ್ನು ಕತ್ತರಿಸುತ್ತಿದ್ದರು. ತೆಗೆದರೆ ಕಟ್ಟಡ ಕುಸಿಯುತ್ತದೋ, ಬಿಟ್ಟರೆ ಕುಸಿಯುತ್ತದೋ ಎಂಬ ಭಯ.

ಮಾಮ ಕೈ ತೊಳೆದು ಬಂದು, ಸಾಕ್ಷಿಗೆಂಬಂತೆ ನನ್ನತ್ತ ನೋಡಿ ಹೇಳಿದರು: "ನಾಳೆ ಸಾಯಂಕಾಲ ಬಿಚ್ಚುವುದು. ಇದು ನಿಂತ್ರೆ ಇಲ್ಲೇ ಇರುವ. ಬಿದ್ರೆ ಇಬ್ಬರೂ ಊರಿಗೆ ಹೋಗುವ. ಮತ್ತೆ ಮಾತಿಲ್ಲ."

"ಸಾಬೂನಿನ ಮೇಲೆ ಸಂಸಾರ ಇಡ್ತೀರಾ?" ಎಂದರು ಮಾಮಿ.

"ಕಲ್ಲಿನ ಮೇಲೆ ಇಟ್ಟವರದ್ದೂ ಬಿದ್ದದ್ದುಂಟು. ಬೋವೆಯಲ್ಲಿ ಎಲ್ಲರಿಗಿಂತ ಎತ್ತರ ಕಟ್ಟಿದ್ರು. ಕೆಲವೇ ವರ್ಷ. ಚಾವಣಿ ಕೆಳಗೆ ಬಂತು. ಮತ್ತೆ ಕಟ್ಟಿ, ಮೇಲೆ ಗೋಪುರ ಇಟ್ರು. ಅದೂ ಬಿತ್ತು."

"ಮತ್ತೆ?"

"ಮತ್ತೆ ಅಷ್ಟಕ್ಕೇ ಬಿಟ್ರು. ಅರ್ಧ ಇಗರ್ಜಿ. ಈಗಲೂ ನಿಂತುಂಟು."

ಮಾಮಿ ಆ ಹಳದಿ ಪಕ್ಕೆಲುಬುಗಳನ್ನು ನೋಡಿದರು. "ಆಗ್ಲಿ," ಎಂದರು. ಇದು ನನಗೆ ಖಚಿತವಾಗಿ ನೆನಪಿದೆ. ಖಚಿತವಾಗಿ ನೆನಪಿರುವುದೇ ನನಗೆ ಅನುಮಾನ ಹುಟ್ಟಿಸುತ್ತದೆ.

ಮರುದಿನ ಮಧ್ಯಾಹ್ನ. ಇಲ್ಲಿ ನನ್ನ ಹತ್ತಿರ ಎರಡು ಮಧ್ಯಾಹ್ನಗಳಿವೆ. ಒಂದರಲ್ಲಿ ಜೋರು ಮಳೆ. ನಾನು ಕಾರಿಡಾರಿನಲ್ಲಿ ಒದ್ದೆ ಕೊಡೆ ಬಿಡಿಸಿಡಲು ಬಂದಾಗ ಎದುರು ಬಾಗಿಲು ತೆರೆದಿದೆ, ಗ್ರಿಲ್ಲಿನಾಚೆ ಏಸಿ ಸದ್ದಿಲ್ಲ, ಕಿಟಕಿಗಳೆಲ್ಲ ತೆರೆದಿವೆ. ಮಾಮಿ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ರಿಮೋಟು ಇಟ್ಟುಕೊಂಡು, ಸುಮ್ಮನೆ ಕೂತಿದ್ದಾರೆ. ಮಾಮ ಒಳಗೆ ಮಲಗಿದ್ದಾರೆ. ಇನ್ನೊಂದರಲ್ಲಿ ಬಿಸಿಲು. ನಾನು ಬಟ್ಟೆ ಒಣಹಾಕಲು ಹಿಂದಿನ ಬಾಲ್ಕನಿಗೆ ಹೋದಾಗ ಅವರ ಏಸಿಯಿಂದ ತೊಟ್ಟಿಕ್ಕುವ ನೀರು ನಿಂತಿದೆ. ಅಷ್ಟೇ. ಮಾಮಿಯನ್ನು ನಾನು ನೋಡಿಯೇ ಇಲ್ಲ. ಎರಡೂ ಒಂದೇ ದಿನ ಆಗಿರಲಾರದು. ಮೊದಲನೆಯದು ಬಹಳ ಚೆನ್ನಾಗಿದೆ. ಮಡಿಲಲ್ಲಿ ರಿಮೋಟು! ಆ ರಿಮೋಟನ್ನು ನಾನೇ ಆಮೇಲೆ ಇಟ್ಟಿರಬಹುದು.

ಸಂಜೆ ಹೋದಾಗ ಏಸಿ ಓಡುತ್ತಿತ್ತು. ಕೋಣೆ ತಣ್ಣಗಿತ್ತು. ಮಾಮ ಇಕ್ಕಳದಿಂದ ಬಿದಿರು ಕಡ್ಡಿಗಳನ್ನು ಒಂದೊಂದಾಗಿ ಎಳೆದರು. ಶವಚ್ಛೇದನದ ಶಿಸ್ತು ಆ ಕೈಗಳಲ್ಲಿತ್ತು. ಕೊನೆಯ ರಟ್ಟನ್ನು ಜಾರಿಸಿ ತೆಗೆದರು.

ನಿಂತಿತು.

ಮಾಮ ನಕ್ಕರು, ಆಮೇಲೆ ಅತ್ತರು, ಆಮೇಲೆ ನನ್ನಿಂದ ಫೋಟೋ ತೆಗೆಸಿದರು. ಮಾಮಿ ಬಂದು ಕಮಾನಿನ ನೆತ್ತಿಯ ತುಂಡನ್ನು ಬೆರಳ ತುದಿಯಿಂದ ಮುಟ್ಟಿದರು, ಅನ್ನ ಬೆಂದಿದೆಯೋ ಎಂದು ನೋಡುವ ಹಾಗೆ. "ಇರುವ ಹಾಗಾದ್ರೆ," ಎಂದು ಅಡುಗೆಮನೆಗೆ ಹೋಗಿ ಚಹಾ ಇಟ್ಟರು. ಸೀಟುಗಳು ಬೇರೆ ಯಾರಿಗೋ ಹೋದವು.

ಮುಂದಿನ ವರ್ಷ ಎರಡನೆಯ ಅಲೆಯಲ್ಲಿ ಅಕ್ಕ ತೀರಿಕೊಂಡರು. ಅಂತ್ಯಕ್ರಿಯೆಯನ್ನು ಮಾಮಿ ಫೋನಿನಲ್ಲಿ ನೋಡಿದರು. ಪಕ್ಕದಲ್ಲಿ ನಾನೂ ಇದ್ದೆ. ಮಾಮ ಅಂದೇ ಇಗರ್ಜಿಯನ್ನು ತೆಗೆಯಲು ಹೋದರು. ಎತ್ತಿದರೆ ತುಂಡು ತುಂಡಾಗಿ ಬರಲಿಲ್ಲ. ಇಡೀ ಚಾವಣಿ ಒಂದೇ ಗಟ್ಟಿಯಾಗಿ, ಆಮೆಯ ಚಿಪ್ಪಿನ ಹಾಗೆ, ಕೈಗೆ ಬಂತು. ಅದನ್ನು ಹಿಡಿದುಕೊಂಡು ಅವರು ಹೆಂಡತಿಯ ಕಡೆ ನೋಡಿದರು. ಮಾಮಿ ನೆಲ ನೋಡುತ್ತಿದ್ದರು.

ಒಂದು ವರ್ಷದ ತೇವಕ್ಕೆ ಅಂಟಿರಬಹುದು, ಅಥವಾ ಆ ಮಧ್ಯಾಹ್ನವೇ ಅಂಟಿತ್ತು. ಅಂದೇ ಅಂಟಿದ್ದಾದರೆ ಮಾಮನ ಕಮಾನು ತನ್ನ ಬಲದಿಂದ ನಿಂತದ್ದಲ್ಲ. ಏಸಿ ಆರಿಸಿದ್ದು ಮಾಮಿಯಾದರೆ, ಸಾಬೂನು ಮೆತ್ತಗಾಗಿ ಬೀಳಲಿ, ಅಕ್ಕನನ್ನು ನೋಡಲು ಹೋಗೋಣ ಎಂದು ಆರಿಸಿದರೇ? ಅಂಟಿ ನಿಲ್ಲಲಿ, ಗಂಡ ಗೆಲ್ಲಲಿ ಎಂದು ಆರಿಸಿದರೇ? ಏನೂ ಇಲ್ಲದೆ, ಬಿಲ್ಲು ಬರುತ್ತದೆ ಎಂಬ ಅಭ್ಯಾಸದಿಂದ ಆರಿಸಿದರೇ? ಫೋಟೋ ನನ್ನ ಹತ್ತಿರ ಈಗಲೂ ಇದೆ. ಕಮಾನು, ಮಾಮನ ಬೆರಳು, ಮಾಮಿಯ ಸೀರೆಯ ಅಂಚು. ಏಸಿ ಚೌಕಟ್ಟಿನಿಂದ ಹೊರಗೆ.

ಬೆಳಿಗ್ಗೆ ಇಷ್ಟೆಲ್ಲ ತಲೆಯಲ್ಲಿ ತಿರುಗಿದ್ದಕ್ಕೆ ಸಾಬೂನೊಂದೇ ಕಾರಣವಲ್ಲ. ನಿನ್ನೆ ಮಾಮಿಯಿಂದ ಧ್ವನಿ ಸಂದೇಶ ಬಂದಿತ್ತು. ಮಾಮ ನಿವೃತ್ತರಾಗಿ ಇಬ್ಬರೂ ಉಡುಪಿಗೆ ಮರಳಿ ಆಯಿತು. ಈಗ ಅಂತೂ ಫ್ರಾನ್ಸಿಗೆ ಹೋಗಿದ್ದಾರೆ. ಬೋವೆಯ ಒಳಗೆ ನಿಂತು ಮಾತಾಡಿದ್ದು, ದನಿ ಸುತ್ತ ಗುಂಯ್ಗುಡುತ್ತಿತ್ತು.

"ಮಾರಾಯ್ತಿ, ಇಗರ್ಜಿ ನೋಡಿದೆ. ಕತ್ತು ನೋವು ಬಂತು, ಅಷ್ಟು ಎತ್ತರ. ಆದ್ರೆ ಒಳಗೆ ಎಂತ ಗೊತ್ತುಂಟಾ? ದೊಡ್ಡ ದೊಡ್ಡ ಮರದ ತೊಲೆ ಕೊಟ್ಟು ನಿಲ್ಲಿಸಿದ್ದಾರೆ. ಸೆಂಟ್ರಿಂಗ್ ಇನ್ನೂ ಬಿಚ್ಚಿಲ್ಲ ಇವ್ರು. ನಿನ್ನ ಮಾಮ ನನ್ನತ್ರ ಇದು ಹೇಳ್ಲೇ ಇಲ್ಲ."

ಹಿಂದೆ ಮಾಮನ ನಗು ಕೇಳಿತು.

ಇವತ್ತು ಬೆಳಿಗ್ಗೆ ಟವಲ್ಲಿನಲ್ಲೇ ನಿಂತು ಉತ್ತರ ಕಳಿಸಿದೆ. ಮಾಮಿ, ಅವತ್ತು ಮಧ್ಯಾಹ್ನ ಏಸಿ ಆರಿಸಿದ್ದು ಯಾರು ಎಂದು ಕೇಳಿಯೇಬಿಟ್ಟೆ. ಮತ್ತೆ ಇನ್ನೊಂದು: ಹಳೇ ಸಾಬೂನು ಅಂಟಿಸೋದು ನನಗೆ ಕಲಿಸಿದ್ದು ನೀವೇನಾ?

ಮಧ್ಯಾಹ್ನ ಉತ್ತರ ಬಂತು. "ಏಸಿಯಾ? ಅವತ್ತು ಕರೆಂಟ್ ಹೋಗಿತ್ತಲ್ಲ. ಸಾಬೂನಿಂದು ಎಲ್ಲರ ಮನೆಯಲ್ಲೂ ಮಾಡ್ತಾರೆ. ಇಲ್ಲಿ ಚಳಿ ಉಂಟು. ಇಡ್ತೇನೆ."

ಕರೆಂಟ್ ಹೋದದ್ದು ನನಗೆ ನೆನಪಿಲ್ಲ. ಗಂಡನನ್ನು ಕೇಳಿದೆ, ಅವನಿಗೆ ಆ ಮನೆಯಲ್ಲಿ ಏಸಿ ಇದ್ದದ್ದೇ ನೆನಪಿಲ್ಲ. ಮತ್ತೆ ಕೇಳೋಣವೆಂದು ಫೋನು ಎತ್ತಿ, ಆ ಗುಂಯ್ಗುಡುವ ದನಿಯನ್ನು ಇನ್ನೊಮ್ಮೆ ಕೇಳಿಸಿಕೊಂಡು, ಕೆಳಗಿಟ್ಟೆ. ಬಚ್ಚಲಿಗೆ ಹೋಗಿ ನೋಡಿದರೆ ಬೆಳಿಗ್ಗೆ ಅಂಟಿಸಿದ್ದು ಅಂಟಿಕೊಂಡಿದೆ, ಒಂದು ಅಂಚು ಮಾತ್ರ ಎದ್ದಿದೆ. ಅಕ್ಕನ ಬಳಿಗೆ ಹೋಗಬೇಕೆಂದಿದ್ದ ಮಾಮಿ ಆ ಸಂಜೆ ಕಮಾನು ಬೀಳಲಿ ಎಂದು ಬಯಸಿದ್ದರೋ, ನಿಲ್ಲಲಿ ಎಂದು ಬಯಸಿದ್ದರೋ, ನನಗೆ ಗೊತ್ತಿಲ್ಲ.