ಆಯುಧಪೂಜೆಗೆ ತೊಳೆದ ಗಿಟಾರು

ಆಗ ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಆರು ಮನೆಗೆ ಒಂದೇ ನಲ್ಲಿ. ನೀರು ಬರೋ ಹೊತ್ತಿಗೆ ಬಿಂದಿಗೆ ಸಾಲಿಡೋದು, ಜಗಳ ಆಡೋದು, ಮಿಕ್ಕ ಹೊತ್ತು ಕುಂಟೆಬಿಲ್ಲೆ ಆಡೋದು. ನಾಲ್ಕನೇ ಕ್ಲಾಸಿಗೇ ನನ್ನ ಸ್ಕೂಲು ಬಿಡಿಸಿದ್ದರು. ಅವ್ವ ಬೀದಿ ಕೊನೇಲಿ ತರಕಾರಿ ಮಾರುತ್ತಿದ್ದಳು, ಸೊಪ್ಪು ಕಂತೆ ಕಟ್ಟೋಕೆ ಅವಳಿಗೆ ಒಂದು ಕೈ ಬೇಕಿತ್ತು. ಅದಕ್ಕೆ ನನಗೇನೂ ಬೇಜಾರಿರಲಿಲ್ಲ. ಸ್ಕೂಲಲ್ಲಿ ಮೂರು ಜನ ಮೇಷ್ಟ್ರು ಹೊಡೀತಿದ್ದರು, ಬೀದೀಲಿ ಅವ್ವ ಒಬ್ಬಳೇ.

ನೀವೂ ಆ ಕಾಲದವರಾಗಿದ್ದರೆ ಪೆಂಡಾಲ್ ಆರ್ಕೆಸ್ಟ್ರಾ ನೆನಪಿರುತ್ತೆ. ಗಣೇಶನ ಹಬ್ಬಕ್ಕೆ ಶುರುವಾದರೆ ದಸರಾ ದಾಟಿ ರಾಜ್ಯೋತ್ಸವ ಮುಗಿಯೋವರೆಗೂ ಯಾವುದಾದರೂ ಒಂದು ಬೀದೀಲಿ ಹಾಡು ಇದ್ದೇ ಇರುತ್ತಿತ್ತು. ಹೊಸ ಟಾರ್ಪಾಲಿನ ವಾಸನೆ, ಜನರೇಟರ್ ಹೊಗೆ, ಹೆಂಗಸರ ತಲೆಯ ಮಲ್ಲಿಗೆ, ಪಕ್ಕದಲ್ಲಿ ಬೋಂಡಾ ಬೇಯೋ ಎಣ್ಣೆ. ಇವೆಲ್ಲ ಸೇರಿ ಬರುತ್ತಿದ್ದ ಆ ಗಾಳಿ ಮೂಗಿಗೆ ಬಿದ್ದರೆ ನನಗೆ ಕಾಲು ನಿಲ್ಲುತ್ತಿರಲಿಲ್ಲ.

ಅಂಥ ಒಂದು ಆರ್ಕೆಸ್ಟ್ರಾದಲ್ಲಿ ಅವ್ವನ ತಮ್ಮ, ನನ್ನ ನಾಗರಾಜ ಮಾಮ, ಬೇಸ್ ಗಿಟಾರು ನುಡಿಸುತ್ತಿದ್ದ. ನಮ್ಮ ಮನೇಲೇ ಇದ್ದ. ಬೆಳಗಾಗೋ ಮೊದಲು ಮಾರ್ಕೆಟ್ ಮಂಡೀಲಿ ಮೂಟೆ ಇಳಿಸೋನು, ಸಂಜೆ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಸ್ಟೇಜು ಹತ್ತೋನು. ಆ ಗಿಟಾರಿಗೆ ನಾಲ್ಕೇ ತಂತಿ, ಒಂದೊಂದೂ ಬಟ್ಟೆ ಒಣಹಾಕೋ ತಂತಿಯಷ್ಟು ದಪ್ಪ. ಕರೆಂಟಿಗೆ ಸಿಕ್ಕಿಸದೆ ನುಡಿಸಿದರೆ ಪಕ್ಕದಲ್ಲಿ ಕೂತವರಿಗೂ ಕೇಳಲ್ಲ. ವಠಾರದ ಹೆಂಗಸರು ನಗೋರು.

"ಏನೋ ನಾಗ, ನುಡಿಸ್ತಿದೀಯೋ, ಮೈ ಕೆರ್ಕೋತಿದೀಯೋ?"

"ನಿಮಗೆ ಕೇಳಿಸಿದ್ರೆ ನೀವು ಅಡುಗೆ ಬಿಟ್ಟು ಇಲ್ಲೇ ಕೂತ್ಬಿಡ್ತೀರ ಅಕ್ಕಾ, ನಿಮ್ಮ ಯಜಮಾನ್ರು ನನ್ನ ಬೈತಾರೆ" ಅನ್ನೋನು.

ಆದರೆ ಅವನು ಗಿಟಾರಿನ ತಲೆಯನ್ನು ಮರದ ಬೀರುವಿಗೆ ಒತ್ತಿ ನುಡಿಸಿದಾಗ ಇಡೀ ಬೀರು ಹಾಡುತ್ತಿತ್ತು. ನಾನು ಬೀರುವಿಗೆ ಕಿವಿ ಹಚ್ಚಿ ಕೂರುತ್ತಿದ್ದೆ. ಶಬ್ದ ಕಿವಿಗಿಂತ ಮೊದಲು ಹಲ್ಲಿಗೆ ತಾಗೋದು. ಹಾಡು ಯಾವುದು ಅಂತ ಹೇಳದೆ ನುಡಿಸೋನು, ನಾನು ಕಂಡುಹಿಡಿಯಬೇಕು. ಹತ್ತಕ್ಕೆ ಒಂಬತ್ತು ಹೇಳುತ್ತಿದ್ದೆ. ಲೆಕ್ಕ ತಲೆಗೆ ಹತ್ತದ ನನಗೆ ಅದೊಂದು ಹತ್ತಿತ್ತು.

ಗಿಟಾರು ಮಾಮನದಲ್ಲ, ಆರ್ಕೆಸ್ಟ್ರಾ ಕಟ್ಟಿದ ರಂಗನಾಥ ಮೇಷ್ಟ್ರದು. ಅವರು ಬಸವನಗುಡೀಲಿ ಸ್ಕೂಲು ಮೇಷ್ಟ್ರು, ಸಂಜೆ ಅಕಾರ್ಡಿಯನ್. ಮುಂಚೆ ಆ ಗಿಟಾರು ನುಡಿಸುತ್ತಿದ್ದವನು ಕುಡಿದು ಬಂದು ಸ್ಟೇಜಿನ ಮೇಲೇ ಮಲಗಿಬಿಟ್ಟಿದ್ದನಂತೆ. ಅದಕ್ಕೇ ಮಾಮನಿಗೆ ಕೊಡುವಾಗ ಒಂದೇ ಮಾತು ಹೇಳಿದ್ದರು: "ಒಂದು ತೊಟ್ಟು ಕುಡಿದೆ ಅಂತ ಗೊತ್ತಾದ್ರೂ ಇದು ವಾಪಸ್ ನಮ್ಮನೆಗೆ ಬರುತ್ತೆ." ಅಲ್ಲಿವರೆಗೆ ಮಾಮ ಮಂಡಿಯವರ ಜೊತೆ ಸೇರಿ ಚೆನ್ನಾಗೇ ಕುಡೀತಿದ್ದ. ಅವ್ವ ಅತ್ತಾಗ ಬಿಡಲಿಲ್ಲ, ದೇವರಿಗೆ ಹರಕೆ ಹೊತ್ತಾಗಲೂ ಬಿಡಲಿಲ್ಲ. ಗಿಟಾರಿಗೆ ಬಿಟ್ಟ.

ನನಗೆ ಹನ್ನೊಂದು ವರ್ಷ ಆಗಿದ್ದ ಆ ಆಯುಧಪೂಜೆ ದಿನ ಅವ್ವ ಬೆಳಿಗ್ಗೆ ಎದ್ದವಳೇ ಹೇಳಿದಳು, "ಲಚ್ಚೀ, ನಮಗೆ ಅನ್ನ ಹಾಕೋ ಸಾಮಾನು ಒಂದೂ ಬಿಡದಂಗೆ ತೊಳೆದಿಡು. ನಾನು ಕುಂಬಳಕಾಯಿ ಮಾರ್ಕೊಂಡು ಬರ್ತೀನಿ." ಮಾಮ ಹೂವು, ಬಾಳೆಕಂದು ತರೋಕೆ ಹೋಗಿದ್ದ. ನಾನು ಹುಣಸೆಹಣ್ಣು, ಒಲೆ ಬೂದಿ, ತೆಂಗಿನ ನಾರು ತಗೊಂಡು ನಲ್ಲಿ ಹತ್ತಿರ ಕೂತೆ. ತಕ್ಕಡಿ ತೊಳೆದೆ. ತೂಕದ ಕಲ್ಲು, ಚಾಕು, ಮಚ್ಚು, ಈಳಿಗೆಮಣೆ ಎಲ್ಲ ಫಳಫಳ ಅನ್ನಿಸಿದೆ. ಒಳಗೆ ಬಂದರೆ ಗಿಟಾರು ಗೋಡೆಗೆ ಒರಗಿಕೊಂಡು ನಿಂತಿತ್ತು. ಪ್ರೋಗ್ರಾಂ ಮುಗಿಸಿ ಮಾಮ ತರುತ್ತಿದ್ದ ಚಿತ್ರಾನ್ನ, ಬೋಂಡಾ ಎಲ್ಲ ಅದರ ದಯೆ ಅಲ್ಲವೇ? ಇದೂ ಅನ್ನ ಹಾಕೋದೇ ಅಂತ ಅದನ್ನೂ ಎತ್ತಿಕೊಂಡು ಹೋದೆ.

ಅದರಷ್ಟು ಮುತುವರ್ಜಿಯಿಂದ ನಾನು ಬೇರೆ ಏನನ್ನೂ ತೊಳೆದಿರಲಿಲ್ಲ. ತಂತಿ ಒಂದೊಂದನ್ನೂ ಹುಣಸೆಹಣ್ಣು ಹಚ್ಚಿ ಉಜ್ಜಿದೆ. ತಿರುಗಿಸೋ ಗುಂಡಿಗಳ ಸುತ್ತ ಬೂದಿ ಹಾಕಿ ತಿಕ್ಕಿದೆ. ಚೊಂಬಲ್ಲಿ ನೀರು ಹುಯ್ದು, ಒರೆಸಿ, ಮೂರು ಪಟ್ಟೆ ವಿಭೂತಿ ಎಳೆದು, ಕುಂಕುಮ ಇಟ್ಟು ತಕ್ಕಡಿ ಪಕ್ಕ ನಿಲ್ಲಿಸಿದೆ. ಹೊಸ ಮದುವಣಗಿತ್ತಿ ಥರ ಇತ್ತು.

ಮಾಮ ಬಂದ. ಬಾಳೆಕಂದು ಕೆಳಗಿಟ್ಟ. ಗಿಟಾರು ಎತ್ತಿ ಬಗ್ಗಿಸಿದ. ವೈರು ಸಿಕ್ಕಿಸೋ ತೂತಿನಿಂದ ಬೂದಿ ಬಣ್ಣದ ನೀರು ಸಣ್ಣಗೆ ಸುರಿಯಿತು.

"ಎಷ್ಟು ಚೊಂಬು ಹುಯ್ದೆ?"

"ಮೂರು."

ಬೈಯಲಿಲ್ಲ. ಟವೆಲಿನಲ್ಲಿ ಸುತ್ತಿ, ನನ್ನನ್ನೂ ಕರೆದುಕೊಂಡು ರೇಡಿಯೋ ರಿಪೇರಿ ಸುಬ್ಬಣ್ಣನ ಅಂಗಡಿಗೆ ಓಡಿದ. ಸುಬ್ಬಣ್ಣ ಸಾಮಾನನ್ನೆಲ್ಲ ಸಾಲಾಗಿ ಜೋಡಿಸಿ ಊದುಬತ್ತಿ ಹಚ್ಚುತ್ತಿದ್ದ.

"ಸ್ಕ್ರೂ ಡ್ರೈವರ್‌ಗೆ ಕುಂಕುಮ ಇಟ್ಟಾಯ್ತು ನಾಗಣ್ಣ. ಇನ್ನು ನಾಳೇನೇ ಮುಟ್ಟೋದು."

"ಸಂಜೆ ಪ್ರೋಗ್ರಾಂ ಐತೆ ಕಣಯ್ಯಾ."

"ನೀನು ಬೆಂಗಳೂರೆಲ್ಲ ಸುತ್ತು. ಇವತ್ತು ಯಾರು ಮುಟ್ತಾರೆ ಹೇಳು."

ಸುತ್ತಿದೆವು. ಯಾರೂ ಮುಟ್ಟಲಿಲ್ಲ. ಆಯುಧಪೂಜೆ ದಿನ ಈ ಊರಲ್ಲಿ ಒಂದು ಮೊಳೆ ಕೂಡ ಯಾರೂ ಹೊಡೆಯುತ್ತಿರಲಿಲ್ಲ. ಮಧ್ಯಾಹ್ನವೆಲ್ಲ ಗಿಟಾರು ಬಿಸಿಲಲ್ಲಿ ಹಪ್ಪಳದ ಪಕ್ಕ ಮಲಗಿತ್ತು. ಅವ್ವ ಕೇಳಿದ್ದಕ್ಕೆ ಮಾಮ ಏನೋ ಒಂದು ಹೇಳಿದ.

ಸಂಜೆ ಬಸವನಗುಡೀಲಿ ಆಟೋ ಸ್ಟ್ಯಾಂಡಿನವರ ಹಬ್ಬ. ಆಟೋಗಳಿಗೆಲ್ಲ ಸೇವಂತಿಗೆ ಹಾರ, ರಸ್ತೆ ತುಂಬ ಒಡೆದ ಕುಂಬಳಕಾಯಿ. ನಾನೂ ಹೋಗಿದ್ದೆ, ಯಾವಾಗಲಿನ ಹಾಗೆ ಸ್ಟೇಜಿನ ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದೆ. ಮಾಮ ವೈರು ಸಿಕ್ಕಿಸಿದ. ಸ್ಪೀಕರ್ ಡಬ್ಬ ಒಂದು ಸಲ ಗುಂಯ್ ಅಂದು ಸುಮ್ಮನಾಯಿತು. ಮೇಷ್ಟ್ರು ಬಂದು ಗಿಟಾರು ಮುಟ್ಟಿ ನೋಡಿದರು.

"ಒದ್ದೆ ಆಗಿದೆಯಲ್ಲೋ."

"ನೀರಿನ ತೊಟ್ಟಿಗೆ ಬಿತ್ತು ಸಾರ್. ನನ್ನ ಕೈಯಿಂದಾನೇ."

"ಕೈ ಜಾರಿತೋ, ಕಾಲು ಜಾರಿತೋ?"

ಮಾಮ ಬಗ್ಗಿ ವೈರು ಬಿಚ್ಚತೊಡಗಿದ.

"ಬಾಯಿ ತೆಗಿ."

ಅಷ್ಟು ಜನ ಆಟೋದವರ ಮುಂದೆ, ಬೆಳಿಗ್ಗೆ ಮೂಟೆ ಹೊರೋ ಆ ಆಳು ಸ್ಕೂಲು ಹುಡುಗನ ಥರ ಬಾಯಿ ತೆಗೆದು ನಿಂತ. ಮೇಷ್ಟ್ರು ಮೂಸಿದರು. ಮಧ್ಯಾಹ್ನ ಅವ್ವನ ಪಾಯಸ ಎರಡು ಲೋಟ ಕುಡಿದಿದ್ದ, ಏಲಕ್ಕಿ ಘಮ ಇನ್ನೂ ಇತ್ತು.

"ಏಲಕ್ಕಿ" ಅಂದರು ಮೇಷ್ಟ್ರು. "ಏಲಕ್ಕಿ ಯಾವಾಗ ಜಗೀತಾರೆ ಅಂತ ನನಗೂ ಗೊತ್ತು. ಗಿಟಾರು ಇಲ್ಲಿಟ್ಟು ಹೋಗು ನಾಗರಾಜ."

"ಹಬ್ಬ ಅಲ್ವಾ ಮೇಷ್ಟ್ರೇ, ಬಿಡಿ ಅತ್ಲಾಗೆ" ಅಂತ ಒಬ್ಬ ಡ್ರೈವರ್ ನಕ್ಕ.

ನಾನು ಮೂರು ಮೆಟ್ಟಿಲು ಆಚೆ ಇದ್ದೆ. ನಾನು ತೊಳೆದದ್ದು ಅನ್ನೋ ಎರಡು ಮಾತು ಬಾಯಿಗೆ ಬಂದಿತ್ತು. ಆಡಲಿಲ್ಲ. ಹೆದರಿದೆ. ಇದನ್ನ ಬಣ್ಣ ಕಟ್ಟಿ ಹೇಳೋಕೆ ನನಗೆ ಬರಲ್ಲ.

ಬೇಸ್ ಇಲ್ಲದೇನೇ ಹಾಡು ಶುರುವಾಯಿತು. ನಾವು ರಸ್ತೆ ತಿರುಗೋವರೆಗೂ ಕೇಳುತ್ತಿತ್ತು, ಬೇಳೆ ಹಾಕದ ಸಾರಿನ ಥರ. ಜನ ಚಪ್ಪಾಳೆ ಹೊಡೆಯುತ್ತಿದ್ದರು, ಅವರಿಗೇನು ಗೊತ್ತು.

"ನಾನು ತೊಳೆದೆ ಅಂತ ಯಾಕೆ ಹೇಳ್ಲಿಲ್ಲ ಮಾಮ?"

"ಹೇಳಿದ್ರೆ ಮೇಷ್ಟ್ರು ನಿನ್ನ ಇನ್ನೊಂದು ಸಲ ಸ್ಟೇಜ್ ಹತ್ರ ಸೇರಿಸ್ತಾರೇನೇ? ನಿಮ್ಮವ್ವ ಬೇರೆ ಚರ್ಮ ಸುಲೀತಾಳೆ. ನಾನಾದ್ರೆ ದೊಡ್ಡೋನು, ನಾಲ್ಕು ಮಾತು ಅನ್ನಿಸ್ಕೋತೀನಿ." ಸ್ವಲ್ಪ ದೂರ ನಡೆದ ಮೇಲೆ, "ಕಳ್ಳೆಕಾಯಿ ತಿಂತೀಯಾ?" ಅಂದ.

ತಿಂದೆ. ಆದರೆ ಮನೇಲಿ ಅವನು ಮಲಗೋಕೆ ಮುಂಚೆ ಬೀರುವಿನ ಪಕ್ಕದ ಖಾಲಿ ಗೋಡೆ ನೋಡಿದ್ದನ್ನ ನಾನು ನೋಡಿದೆ. ಎಂಟು ತಿಂಗಳಿಂದ ಒಂದು ತೊಟ್ಟು ಮುಟ್ಟದವನಿಗೆ ಊರ ಮುಂದೆ ಕುಡುಕ ಅನ್ನೋ ಹೆಸರು ಬಂದಿತ್ತು. ಇನ್ನು ಕುಡಿಯದೆ ಇರೋಕೆ ಅವನಿಗೆ ಕಾರಣವೂ ಉಳಿದಿರಲಿಲ್ಲ. ಹನ್ನೊಂದು ವರ್ಷದವಳಿಗೂ ಅಷ್ಟು ಅರ್ಥ ಆಗುತ್ತೆ.

ಮಾರನೇ ದಿನ ವಿಜಯದಶಮಿ. ಸೊಪ್ಪಿನ ಕಂತೆ ಅಲ್ಲೇ ಬಿಟ್ಟು ಬಸವನಗುಡಿಗೆ ನಡೆದೆ. ಮೇಷ್ಟ್ರ ನಡುಮನೇಲಿ ಬೊಂಬೆ ಜೋಡಿಸಿದ್ದರು. ಅವರ ಹೆಂಡತಿ, ಬೊಂಬೆ ನೋಡೋಕೆ ಬಂದಿದೀನಿ ಅಂದುಕೊಂಡು, ಕೈಗೆ ಕಡಲೆ ಉಸಲಿ ಹಾಕಿದರು. ಅದನ್ನ ಹಿಡಿದುಕೊಂಡೇ ಹೇಳಿದೆ.

"ಮಾಮ ಕುಡಿದಿರ್ಲಿಲ್ಲ ಸಾರ್. ಗಿಟಾರು ನಾನು ತೊಳೆದೆ. ಆಯುಧಪೂಜೆಗೆ."

"ಹೀಗೆ ಹೇಳು ಅಂತ ಅವನೇ ಕಳಿಸಿದನಾ?"

"ಅವನಿಗೆ ಗೊತ್ತಿಲ್ಲ. ಬೇಕಾದ್ರೆ ಆ ಗುಂಡಿ ಬಿಚ್ಚಿ ನೋಡಿ. ಒಳಗೆ ಹುಣಸೆನಾರು ಇರುತ್ತೆ. ಅಲ್ಲಿಗೆ ನನ್ನ ಬೆರಳು ಹೋಗ್ಲಿಲ್ಲ, ತೆಗೆಯೋಕೆ ಆಗ್ಲಿಲ್ಲ."

ಅವತ್ತು ಸ್ಕ್ರೂ ಡ್ರೈವರ್ ಮುಟ್ಟಬಹುದಿತ್ತು. ಮೇಷ್ಟ್ರು ಗಿಟಾರು ತೊಡೆ ಮೇಲಿಟ್ಟುಕೊಂಡು ಬಿಚ್ಚಿದರು. ಗುಂಡಿಯ ಬುಡದಲ್ಲಿ ಹುಣಸೆನಾರು, ಬೂದಿ, ಒಂದು ಚೂರು ತೆಂಗಿನ ನಾರು. ಅವರ ಹೆಂಡತಿ ಬಗ್ಗಿ ನೋಡಿ, "ನಮ್ಮ ಪಾತ್ರೆ ತೊಳೆಯೋಳು ಕೂಡ ಇಷ್ಟು ಚೆನ್ನಾಗಿ ತಿಕ್ಕಲ್ಲ" ಅಂದರು. ಮೇಷ್ಟ್ರು ನಗಲಿಲ್ಲ. ಷರಟು ಹಾಕಿಕೊಂಡು, ಗಿಟಾರು ಹಿಡಿದು ನನ್ನ ಜೊತೆ ಹೊರಟರು.

ದಾರೀಲಿ ಸುಬ್ಬಣ್ಣನ ಅಂಗಡೀಲಿ ಗಿಟಾರು ಕೊಟ್ಟರು. ವಠಾರದಲ್ಲಿ ಮಾಮ ನಲ್ಲಿ ಹತ್ತಿರ ಮುಖ ತೊಳೆಯುತ್ತಿದ್ದ. ಹೆಂಗಸರೆಲ್ಲ ಬಿಂದಿಗೆ ಹಿಡಿದು ನಿಂತಿದ್ದರು.

"ನಾಗರಾಜ, ನಿನ್ನೆ ನಾನು ನಾಲ್ಕು ಜನದ ಮುಂದೆ ಅಂದೆ. ತಪ್ಪಾಯ್ತು ಅಂತ ನಾಲ್ಕು ಜನದ ಮುಂದೇನೇ ಹೇಳ್ತಿದೀನಿ. ಸುಬ್ಬಣ್ಣನ ಹತ್ರ ಗಿಟಾರು ಕೊಟ್ಟಿದೀನಿ. ಶನಿವಾರ ಬಂದ್ಬಿಡು."

ಮೇಷ್ಟ್ರು ಅಂದರೆ ಎದ್ದು ನಿಲ್ಲುತ್ತಿದ್ದ ಕಾಲ ಅದು. ಅಂಥವರು ತಪ್ಪಾಯ್ತು ಅಂದದ್ದು ಕೇಳಿ ನಲ್ಲಿ ಹತ್ತಿರ ಯಾರೂ ಬಿಂದಿಗೆ ಸರಿಸಲಿಲ್ಲ. ಮಾಮ ಮುಖ ಒರೆಸೋದು ಮರೆತು ನನ್ನ ಕಡೆ ತಿರುಗಿದ.

"ಯಾರೇ ಹೇಳು ಅಂದೋರು ನಿನಗೆ?"

"ಯಾರೂ ಅನ್ಲಿಲ್ಲ."

"ನಾನು ಅಷ್ಟು ಕಷ್ಟ ಪಟ್ಟು ಹೇಳಿದ ಸುಳ್ಳು ಹಾಳು ಮಾಡಿದೆಯಲ್ಲೇ" ಅಂದ. ಆಮೇಲೆ ಒದ್ದೆ ಕೈಯನ್ನೇ ನನ್ನ ತಲೆ ಮೇಲೆ ಇಟ್ಟ. ಅವ್ವ ಸೌಟಿನ ಹಿಡಿಯಲ್ಲಿ ಎರಡು ಬಾರಿಸಿದಳು. ಮೇಷ್ಟ್ರು ಹೊರಡುತ್ತಾ, "ಇವಳು ಸ್ಟೇಜ್ ಹತ್ರ ಬರ್ಲಿ. ಕೈಗೆ ನೀರು ಮಾತ್ರ ಕೊಡ್ಬೇಡಿ" ಅಂದರು.

ಮಾಮ ಆಮೇಲೆ ಎಷ್ಟೋ ವರ್ಷ ನುಡಿಸಿದ. ಕೀಬೋರ್ಡ್ ಬಂದ ಮೇಲೆ ಎಡಗೈಯಲ್ಲೇ ಬೇಸ್ ಆಗುತ್ತೆ ಅಂತ ಅವನನ್ನ ಕರೆಯೋದು ಕಮ್ಮಿಯಾಯಿತು. ಬೇಜಾರು ಮಾಡಿಕೊಂಡ, ಆದರೆ ಕುಡಿಯಲಿಲ್ಲ. ಈಗ ಪೆಂಡಾಲಿನಲ್ಲಿ ಹಾಡೋ ಹುಡುಗಿ ಒಬ್ಬಳೇ ನಿಂತಿರುತ್ತಾಳೆ, ವಾದ್ಯವೆಲ್ಲ ಒಂದು ಫೋನಿನಿಂದ ಬರುತ್ತೆ. ಶಬ್ದ ಆಗಿನದಕ್ಕಿಂತ ಜಾಸ್ತೀನೇ. ಚೆನ್ನಾಗಿಲ್ಲ ಅಂತ ನಾನು ಹೇಳಲ್ಲ.

ಮಾಮ ಹೋಗಿ ಹನ್ನೆರಡು ವರ್ಷ ಆಯಿತು. ಮೊನ್ನೆ ನಾನು ಹಾಲು ಒಲೆ ಮೇಲಿಟ್ಟು ಮರೆತೆ. ಪಾತ್ರೆ ಸೀದು ಮನೆಯೆಲ್ಲ ಹೊಗೆ. ಸೊಸೆ ಬಂದು, "ಯಾರು ಇಟ್ಟಿದ್ದು?" ಅಂದಳು. ಗಟ್ಟಿಯಾಗಿ ಏನೂ ಅನ್ನಲಿಲ್ಲ, ಒಳ್ಳೆ ಹುಡುಗಿ. ನಾನೇ ಅಂದೆ. ಹೇಳೋಕೆ ಈಗ ನನಗೆ ಹೆದರಿಕೆಯಿಲ್ಲ. ಆದರೂ ಹಾಗನ್ನೋಕೆ ಮುಂಚೆ ಒಂದು ಗಳಿಗೆ ಬಾಗಿಲ ಕಡೆ ನೋಡಿದ್ದೆ. ಪಕ್ಕದ ಕೋಣೆಯಿಂದ ಯಾರಾದರೂ, "ನಾನು ಕಣಮ್ಮ, ನನ್ನ ಕೈಯಿಂದಾನೇ" ಅಂತ ಸುಳ್ಳು ಹೇಳಿಕೊಂಡು ಬರುತ್ತಾರೇನೋ ಅಂತ. ಯಾರೂ ಬರಲಿಲ್ಲ. ಎದ್ದು ಹೋಗಿ ಪಾತ್ರೆ ನೆನೆಹಾಕಿದೆ.