ಹುಲಿಯೂರುದುರ್ಗದ ಕಂಬಳಿ

“ಮೊದ್ಲು ಚಪ್ಪಲಿ ಬುಡಿ ಸ್ವಾಮಿ!” ಎಂದು ಗದರಿದ ಅಜ್ಜಿ ನನ್ನ ಕಾಲಡಿಯಿಂದ ಕಂಬಳಿಯನ್ನು ಎಳೆದುಕೊಂಡರು. ೧೯೭೮ರ ಮಾತು. ತುಮಕೂರಿನ ನಮ್ಮ ಹೊಸ ಮನೆಯ ಹಾಲ್‌ಗೆ ಹಾಸಲು ಹಳೆಯ ಉಣ್ಣೆ ಕಂಬಳಿ ಹುಡುಕುತ್ತ ನಾನೂ ನನ್ನ ಹೆಂಡತಿಯೂ ಹುಲಿಯೂರುದುರ್ಗದ ಅವರ ಮನೆಗೆ ಹೋಗಿದ್ದೆವು. ಹೊಸ ಕಂಬಳಿ ಚುಚ್ಚುತ್ತದೆ. ಇದು ಬಳಸಿ ಬಳಸಿ ಮೆತ್ತಗಾಗಿತ್ತು. ಅಳತೆ ನೋಡಲು ನಾನು ಅದರ ಅಂಚಿನಲ್ಲಿ ನಿಂತಿದ್ದೆ.

“ತುಳಿಯಕ್ಕಾದ್ರೆ ಕೊಡಲ್ಲ. ನಾನು ಮದುವಣಗಿತ್ತಿಯಾಗಿ ಕೂತಿದ್ದು ಇದ್ರ ಮೇಲೆ. ನಮ್ಮನೇಲಿ ಇನ್ನು ಕೂರೋ ಮಕ್ಳಿಲ್ಲ, ಅದಕ್ಕೇ ಮಾರ್ತಿರೋದು.”

ಹೊರಟುಬಿಡೋಣವೆಂದು ನಾನು ತಿರುಗಿದೆ. ನನ್ನ ಹೆಂಡತಿ ಮಾತ್ರ ಅಜ್ಜಿಯ ಪಕ್ಕ ಕುಳಿತಳು. “ನಮ್ಗೆ ಮಗಳಿದಾಳೆ ಕಣಜ್ಜಿ. ನೆಲಕ್ಕೆ ಹಾಸಲ್ಲ, ಅವಳ ಮದ್ವೆಗೆ ಹಾಸ್ತೀವಿ.”

ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಕಂಬಳಿಯನ್ನು ಕೊಡವಿ, ಮಡಿಸಿ, ಕಣ್ಣಿಗೊತ್ತಿಕೊಂಡು ಅವಳ ಮಡಿಲಿಗಿಟ್ಟರು. “ನಿನ್ನ ನಂಬಿ ಕೊಟ್ಟಿವ್ನಿ ಕಣವ್ವ. ಈ ನಿನ್ ಗಂಡನ ಕೈಗೆ ಮಾತ್ರ ಕೊಡ್ಬ್ಯಾಡ.”

ಹಾಲ್‌ಗೆ ನಾರಿನ ಚಾಪೆ ತಂದೆವು. ಕಂಬಳಿ ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಇತ್ತು. ಮಗಳ ಮದುವೆಗೆ ಕರೆಯಲು ಹುಲಿಯೂರುದುರ್ಗಕ್ಕೆ ಹೋದಾಗ ಅಜ್ಜಿ ಬದುಕಿರಲಿಲ್ಲ, ಮನೆಗೆ ಬೀಗ ಬಿದ್ದಿತ್ತು. ಮಗಳು ಆ ಕಂಬಳಿಯ ಮೇಲೆ ಕುಳಿತಾಗ, ಬೀಗ ಬಿದ್ದ ಆ ಮನೆಯಿಂದಲೂ ಮಗಳೊಬ್ಬಳು ಹಸೆ ಏರಿದಂತೆನಿಸಿತು.